ಡೊಂಬಿವಲಿಯ ಮೇ ತಿಂಗಳು ಮತ್ತು ನೂರು ಡಿಗ್ರಿಯ ಪ್ರೊಸೆಸರ್

“ನೂರು ಡಿಗ್ರಿ ಹೋದರೆ ಏನೂ ಆಗಲ್ಲ ಮೇಡಂ, ಆ ಪ್ರೊಸೆಸರ್‌ನ ಲಿಮಿಟ್ಟೇ ನೂರು.” ತಮ್ಮನ ಗೇಮಿಂಗ್ ಪಿಸಿಯ ಪ್ರೊಸೆಸರ್, ಅಂದರೆ ಎಲ್ಲ ಲೆಕ್ಕ ಮಾಡುವ ಮುಖ್ಯ ಚಿಪ್, ನೂರು ಡಿಗ್ರಿ ಮುಟ್ಟುತ್ತಿದೆ ಅಂತ ಕೇಳಿದಾಗ ಅದನ್ನು ಮಾರಿದ ಕಂಪನಿಯ ಸಹಾಯವಾಣಿಯವರು ಹೀಗೆ ಹೇಳಿ ಫೋನ್ ಇಟ್ಟರು. ಅವರ ಮಾತು ಸುಳ್ಳಲ್ಲ. ಐ7-13700ಎಫ್ ಪ್ರೊಸೆಸರ್ ತಡೆದುಕೊಳ್ಳುವ ಗರಿಷ್ಠ ತಾಪಮಾನ 100 ಡಿಗ್ರಿ ಸೆಲ್ಸಿಯಸ್ ಅಂತಲೇ ಇಂಟೆಲ್ ಬರೆದಿದೆ. ಅಲ್ಲಿಗೆ ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಮಷಿನ್ ತಾನಾಗಿ ಬಂದ್ ಆಗುತ್ತದೆ. ಹೀಗಾಗಿ ಚಿಪ್ ಸುಟ್ಟುಹೋಗುವ ಭಯ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಉತ್ತರ ನನ್ನನ್ನು ಬಹಳ ದಿನ ಕೊರೆಯಿತು. ಚಿಪ್‌ಗೆ ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆ ಇದೆ. ಅದೇ ಕೋಣೆಯಲ್ಲಿ ಮಲಗುವ ನಮ್ಮ ಅಮ್ಮನಿಗೆ ಏನಿದೆ?

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆ. ಬೆಡ್‌ರೂಮ್ ನನ್ನ ಪಾಲಿಗೆ. ಹಾಲ್‌ನಲ್ಲಿ ಅಮ್ಮನ ಮಂಚ, ತಮ್ಮನ ಟೇಬಲ್, ಆ ಟೇಬಲ್ಲಿನ ಕೆಳಗೆ ಮಷಿನ್. ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾನೆ. ಮನೆಯ ಒಳಾಂಗಣ ಹೇಗೆ ಕಾಣುತ್ತದೆ ಅಂತ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಚಿತ್ರ ಮಾಡಿ ಆರ್ಕಿಟೆಕ್ಟ್‌ಗಳಿಗೆ ಕೊಡುವ ಕೆಲಸ. ರಾತ್ರಿ, ಶನಿವಾರ, ಭಾನುವಾರ ಆಟ. ಬಿಡಿಭಾಗ ತಂದು ಜೋಡಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಎಲ್ಲದಕ್ಕೂ ಒಂದೇ ವಾರಂಟಿ ಇರಲಿ ಅಂತ ರೆಡಿಮೇಡ್ ಪಿಸಿ ತರಿಸಿದ. 13700ಎಫ್ ಪ್ರೊಸೆಸರ್, 8 ಜಿಬಿಯ ಆರ್‌ಟಿಎಕ್ಸ್ 4060 ಟಿಐ ಗ್ರಾಫಿಕ್ಸ್ ಕಾರ್ಡ್, ಎದುರಿಗೆ ಪೂರ್ತಿ ಗಾಜು, ಒಳಗೆ ಬಣ್ಣದ ದೀಪ. ನೋಡಲು ಬಹಳ ಚೆನ್ನಾಗಿದೆ. ಜನವರಿಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಮಾರ್ಚ್ ಕಳೆಯುತ್ತಿದ್ದಂತೆ ಫ್ಯಾನ್ ಸದ್ದು ಜಾಸ್ತಿಯಾಯಿತು. ಮೇ ಬಂದಾಗ ಅದು ಮನೆಯ ಎಲ್ಲರ ವಿಷಯವಾಯಿತು.

ಒಂದು ಮಧ್ಯಾಹ್ನ ನೆನಪಿದೆ. ಊಟ ಮುಗಿಸಿ ಅಮ್ಮ ಮಲಗಿದ್ದಳು. ತಮ್ಮ ಹೊಸ ಆಟವೊಂದನ್ನು ಮೊದಲ ಸಲ ತೆರೆದ. ಈಗಿನ ದೊಡ್ಡ ಆಟಗಳು ಮೊದಲ ಸಲ ತೆರೆದಾಗ ಶೇಡರ್ ಕಂಪೈಲ್ ಮಾಡುತ್ತವೆ, ಅಂದರೆ ಆಟದ ಚಿತ್ರಗಳಿಗೆ ಬೇಕಾದ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ನಮ್ಮ ಗ್ರಾಫಿಕ್ಸ್ ಕಾರ್ಡಿಗೆ ಹೊಂದುವ ಹಾಗೆ ತಯಾರು ಮಾಡಿಕೊಳ್ಳುತ್ತವೆ. ಆಗ ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ, ಅಂದರೆ ಒಳಗೆ ಕೆಲಸ ಹಂಚಿಕೊಳ್ಳುವ ಭಾಗಗಳೂ, ಒಟ್ಟಿಗೆ ದುಡಿಯುತ್ತವೆ. ಆಟ ಆಡುವಾಗಲೂ ಅಷ್ಟು ಲೋಡ್ ಬರುವುದಿಲ್ಲ. ಸ್ಕ್ರೀನಿನ ಮೇಲೆ ಬರೀ ಪರ್ಸೆಂಟ್ ಏರುತ್ತಿತ್ತು. ಪಕ್ಕದಲ್ಲಿ ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೋ ಪ್ರೋಗ್ರಾಂನ ಕಿಟಕಿಯಲ್ಲಿ ಅಂಕಿಗಳು ಕೆಂಪಾಗಿದ್ದವು. ಕೋರ್‌ಗಳು ನೂರಕ್ಕೆ ಮುಟ್ಟಿ ಅಲ್ಲೇ ನಿಂತಿದ್ದವು. ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸಿಕೊಳ್ಳುವುದು) ಎದುರಿಗೆ ‘ಯೆಸ್’ ಅಂತಿತ್ತು. ಫ್ಯಾನ್ ಕೂಗಿಗೆ ಅಮ್ಮ ಎದ್ದು ಕೂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಈ ಡಬ್ಬಿ ಚಾಲೂ ಮಾಡಿದ್ರ ಖೋಲಿ ಕುದೀತೈತಿ ನೋಡಪ್ಪಾ” ಅಂದಳು. ಅಮ್ಮ ಧಾರವಾಡದವಳು, ಇಲ್ಲಿಗೆ ಬಂದು ಮೂವತ್ತು ವರ್ಷ ಮೇಲಾದರೂ ಮಾತು ಅಲ್ಲಿನದೇ. ತಮ್ಮ ತಕ್ಷಣ ಆಟ ಮುಚ್ಚಿದ. ದಿಂಬು ತೆಗೆದುಕೊಂಡು ಅಮ್ಮ ನನ್ನ ಕೋಣೆಗೆ ಬಂದು ಮಲಗಿದಳು. ಮನೆಯಲ್ಲಿ ಯಾರೂ ಯಾರಿಗೂ ಬೈಯಲಿಲ್ಲ. ಆದರೆ ತಮ್ಮನ ಮುಖ ನೋಡಿ ನನಗೆ ಬೇಜಾರಾಯಿತು. ತನ್ನ ದುಡಿಮೆಯ ದುಡ್ಡು ಕೂಡಿಟ್ಟು ತಂದ ಮಷಿನ್ ಅದು. ಅದನ್ನು ಹಾಕಲು ಅವನು ಅಮ್ಮನ ನಿದ್ದೆಯ ಟೈಮ್ ನೋಡಬೇಕಾಗಿ ಬಂತು.

ಕೋಣೆಯೂ ಲೆಕ್ಕದಲ್ಲಿ ಇದೆ

ಪ್ರೊಸೆಸರ್ ಬಿಸಿ ಅಂದ ಕೂಡಲೇ ಎಲ್ಲರೂ ಕೂಲರ್, ಅಂದರೆ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಎಳೆಯುವ ಭಾಗ, ಬದಲಿಸಿ ಅನ್ನುತ್ತಾರೆ. ತಮ್ಮನ ಸ್ನೇಹಿತರೂ ಅದನ್ನೇ ಹೇಳಿದರು. ಹೊರದೇಶದ ರಿವ್ಯೂ ವಿಡಿಯೋಗಳನ್ನು ಕಳಿಸಿದರು. ಅವುಗಳಲ್ಲಿ ಕಾಣುವ ಅಂಕಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು 20ರಿಂದ 25 ಡಿಗ್ರಿಯ ಕೋಣೆಯಲ್ಲಿ. ಕೂಲರ್ ಯಾವುದೇ ಇರಲಿ, ಗಾಳಿಯದ್ದಾಗಲಿ ನೀರಿನದ್ದಾಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಅದು ಪ್ರೊಸೆಸರನ್ನು ಇಡಲಾರದು. ಅದರ ಕೈಯಲ್ಲಿರುವುದು ಕೋಣೆಗಿಂತ ಎಷ್ಟು ಮೇಲೆ ಅನ್ನುವುದು ಮಾತ್ರ. ಅಷ್ಟೇ ವಿದ್ಯುತ್, ಅಷ್ಟೇ ಫ್ಯಾನ್ ವೇಗ ಇಟ್ಟು ಕೋಣೆ ಹತ್ತು ಡಿಗ್ರಿ ಏರಿದರೆ ಕೋರ್ ಕೂಡ ಸುಮಾರು ಹತ್ತು ಡಿಗ್ರಿ ಏರುತ್ತದೆ. ಹಾಗಾಗಿ ವಿಡಿಯೋದಲ್ಲಿ 78 ಡಿಗ್ರಿ ಕಂಡದ್ದು ಇಲ್ಲಿ 90 ಆಗುವುದರಲ್ಲಿ ಆಶ್ಚರ್ಯ ಇಲ್ಲ. ಮುಂಬೈಯ ಕೊಲಾಬಾದಲ್ಲಿ ಸಮುದ್ರದ ಗಾಳಿಯಿಂದ ಮೇ ತಿಂಗಳ ಮಧ್ಯಾಹ್ನ 33, 34ಕ್ಕೆ ನಿಂತರೆ, ಒಳನಾಡಿನ ಕಲ್ಯಾಣ, ಡೊಂಬಿವಲಿ ಕಡೆ 38 ದಾಟುವ ದಿನಗಳು ಬರುತ್ತವೆ. ರಾತ್ರಿಯೂ ಸೆಕೆ ಬಿಡುವುದಿಲ್ಲ. ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು ಸೆಕೆ ಇದ್ದೇ ಇದೆ. ಸೀಲಿಂಗ್ ಫ್ಯಾನ್ ನಮ್ಮ ಬೆವರು ಆರಿಸುತ್ತದೆ, ಅದಕ್ಕೇ ಅದರ ಕೆಳಗೆ ಹಾಯೆನಿಸುತ್ತದೆ. ಪ್ರೊಸೆಸರ್‌ಗೆ ಬೆವರು ಇಲ್ಲ. ಅದಕ್ಕೆ ಗಾಳಿಯ ನಿಜವಾದ ತಾಪಮಾನವೇ ಗತಿ.

ಈ ಲೆಕ್ಕದ ಇನ್ನೊಂದು ಬದಿಯೇ ನನಗೆ ಮುಖ್ಯ. ಪಿಸಿ ಗೋಡೆಯ ಪ್ಲಗ್‌ನಿಂದ ಎಳೆಯುವ ಕರೆಂಟ್ ಎಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಒಳ್ಳೆಯ ಕೂಲರ್ ಆ ಬಿಸಿಯನ್ನು ಚಿಪ್‌ನಿಂದ ಬೇಗ ಎತ್ತಿ ಹಾಲ್‌ಗೆ ಬಿಡುತ್ತದೆ. ಚಿಪ್ ತಣ್ಣಗಾಗುತ್ತದೆ, ಹಾಲ್ ಮೊದಲಿನಷ್ಟೇ ಬಿಸಿ. ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಹೊರಬರುತ್ತದೆ. ಆಟ ಆಡುವಾಗ ಈ ಮಷಿನ್ 300 ವ್ಯಾಟ್ ಆಚೀಚೆ ಎಳೆಯುತ್ತದೆ. ಅಂದರೆ ಸಣ್ಣ ಹಾಲ್‌ನಲ್ಲಿ ಮಧ್ಯಾಹ್ನವಿಡೀ ಮೂರು ಜನ ನೆಂಟರು ಬಂದು ಕೂತ ಹಾಗೆ. ಎಸಿ ಹಾಕಿಸಿ ಅನ್ನಬಹುದು. ಹಾಕಿಸಿದರೂ ಆ 300 ವ್ಯಾಟ್ ಹೊರಗೆ ತಳ್ಳಲು ಎಸಿ ಮತ್ತೆ ಕರೆಂಟ್ ಖರ್ಚು ಮಾಡಬೇಕು. ಒಂದು ಟನ್ ಎಸಿಯ ಪೂರ್ತಿ ಸಾಮರ್ಥ್ಯ 3,500 ವ್ಯಾಟ್. ಅದರಲ್ಲಿ ಹತ್ತರಲ್ಲೊಂದು ಪಾಲಿನ ಹತ್ತಿರ ಪಿಸಿಗೇ ಹೋಯಿತು. ಇದನ್ನೆಲ್ಲ ಯೋಚಿಸಿದ ಮೇಲೆ ಸಹಾಯವಾಣಿಯವರ ಉತ್ತರದಲ್ಲಿ ಏನು ಬಿಟ್ಟುಹೋಗಿದೆ ಅಂತ ನನಗೆ ತಿಳಿಯಿತು. ಅವರೂ, ತಮ್ಮನ ಸ್ನೇಹಿತರೂ, ನಾವೂ ಡಿಗ್ರಿಯ ಬಗ್ಗೆಯೇ ಮಾತಾಡುತ್ತಿದ್ದೆವು.

ಲ್ಯಾಮಿಂಗ್ಟನ್ ರೋಡಿನಲ್ಲಿ

ವ್ಯಾಟ್ ಬಗ್ಗೆ ಮೊದಲು ಕೇಳಿದವರು ಲ್ಯಾಮಿಂಗ್ಟನ್ ರೋಡಿನ ಒಬ್ಬ ರಿಪೇರಿಯವರು. ಮುಂಬೈಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಆ ಬೀದಿಯ ಪರಿಚಯ ಬೇಡ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ್ ಅಂತಿದ್ದರೂ ಯಾರ ಬಾಯಲ್ಲೂ ಲ್ಯಾಮಿಂಗ್ಟನ್ ರೋಡೇ. ಭಾನುವಾರ ಬಹಳ ಅಂಗಡಿ ಬಂದ್ ಇರುತ್ತವೆ. ಅದಕ್ಕೆ ಶನಿವಾರ ಮಧ್ಯಾಹ್ನ ಹೊರಟೆವು. ಗ್ರಾಫಿಕ್ಸ್ ಕಾರ್ಡನ್ನು ತಮ್ಮ ಮೊದಲೇ ಬಿಚ್ಚಿ ಬೇರೆ ಚೀಲದಲ್ಲಿ ಇಟ್ಟಿದ್ದ. ಪಿಸಿ ಎತ್ತಿಕೊಂಡು ಹೋಗುವ ಎಲ್ಲರೂ ಹೀಗೆ ಮಾಡಬೇಕು. ಕುಲುಕಾಟದಲ್ಲಿ ಆ ಕಾರ್ಡಿನ ಭಾರಕ್ಕೆ ಸ್ಲಾಟ್ ಮುರಿಯಬಹುದು. ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ಕ್ಯಾಬಿನೆಟ್ ಇಟ್ಟು ತಮ್ಮ ಅದನ್ನು ಅಪ್ಪಿಕೊಂಡು ನಿಂತ. ದಾದರ್‌ನಲ್ಲಿ ಆ ಭಾರ ಹೊತ್ತು ಸೇತುವೆ ಹತ್ತಿ ಇಳಿಯುವುದು ಬೇಡ ಅಂತ ಭಾಯಿಖಳಾದವರೆಗೆ ಹೋಗಿ ಟ್ಯಾಕ್ಸಿ ಹಿಡಿದೆವು.

ಅಂಗಡಿ ಅಂದರೆ ಮಾಳಿಗೆಯ ಮೇಲೆ ಒಂದು ಸಣ್ಣ ಜಾಗ. ರಿಪೇರಿಯವರು ಕಾರ್ಕಳ ಕಡೆಯವರು. ನಾವು ಕನ್ನಡ ಮಾತಾಡುವುದು ಕೇಳಿ ಮೊದಲು ಸ್ಟೂಲು ಕೊಟ್ಟು ಕೂರಿಸಿದರು. ತಮ್ಮ ಫೋನಿನಲ್ಲಿ ತಾಪಮಾನದ ಫೋಟೋ ತೋರಿಸಿದ. ಅವರು ಆ ಕೆಂಪು ಅಂಕಿಗಳನ್ನು ನೋಡಲೇ ಇಲ್ಲ. ಬೆರಳಿನಿಂದ ಫೋಟೋ ಕೆಳಗೆ ಸರಿಸಿ, “ಇದು ಎಷ್ಟು ವ್ಯಾಟ್ ಎಳೀತಾ ಉಂಟು, ಅದು ಎಲ್ಲಿ?” ಅಂತ ಕೇಳಿದರು. ಪ್ಯಾಕೇಜ್ ಪವರ್, ಅಂದರೆ ಇಡೀ ಪ್ರೊಸೆಸರ್ ಎಳೆಯುವ ವ್ಯಾಟ್, ಅನ್ನುವ ಸಾಲು ಸಿಕ್ಕಿತು. ಆರಂಭದಲ್ಲಿ 200 ದಾಟಿ, ಆಮೇಲೆ ಬಿಸಿಗೆ ಹೆದರಿ 150ಕ್ಕೆ ಇಳಿದಿತ್ತು. ಮಷಿನ್ ಹಚ್ಚಿ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮೂಲ ಸೆಟ್ಟಿಂಗ್ ಪುಟ, ತೆರೆದರು. ಪವರ್ ಮಿತಿಯ ಜಾಗದಲ್ಲಿ 4095 ವ್ಯಾಟ್ ಅಂತಿತ್ತು. ಅಂದರೆ ಮಿತಿಯೇ ಇಲ್ಲ ಅಂತ ಅರ್ಥ. ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ) ಎಷ್ಟು ಬೇಕಾದರೂ ಎಳೆದುಕೋ ಅಂತ ಬಿಟ್ಟಿದೆ, ಪ್ರೊಸೆಸರ್ ನೂರು ಡಿಗ್ರಿಯ ಗೋಡೆಗೆ ಹೋಗಿ ಗುದ್ದುವ ತನಕ ನಿಲ್ಲುವುದಿಲ್ಲ.

ಆಮೇಲೆ ಅವರು ಕೂಲರ್ ಬಿಚ್ಚಿದರು. ನಾನು ಹತ್ತಿರ ಬಾಗಿ ನೋಡಿದೆ. ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಂದು ಬದಿಗೆ ತೆಳ್ಳಗೆ ಹರಡಿತ್ತು, ಇನ್ನೊಂದು ಬದಿಯಲ್ಲಿ ದಪ್ಪಗೆ ಹಾಗೇ ಕೂತಿತ್ತು. ಅಂದರೆ ಕೂಲರ್ ಸರಿಯಾಗಿ ಒತ್ತಿ ಕೂತಿರಲಿಲ್ಲ. ಕೊರಿಯರ್‌ನಲ್ಲಿ ಬರುವಾಗ ಒಂದು ಸ್ಕ್ರೂ ಸಡಿಲವಾಗಿರಬಹುದು, ಫ್ಯಾಕ್ಟರಿಯಲ್ಲೇ ಹಾಗಿದ್ದಿರಬಹುದು ಅಂದರು. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸ ಪೇಸ್ಟ್ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಒಂದು ಮೂಲೆ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ಮತ್ತೆ ಅದೇ ಕತೆ. ಈ ಕೆಲಸ ಮಾಡುವಾಗ ಅವರು ಮಾತಾಡಲಿಲ್ಲ. ಇಷ್ಟು ಶ್ರದ್ಧೆಯಿಂದ ಯಾರಾದರೂ ಕೆಲಸ ಮಾಡುವುದನ್ನು ನೋಡುತ್ತ ಕೂರುವುದೇ ಒಂದು ಸಂತೋಷ. ಹೊಸ ಕೂಲರ್ ಮಾರಿದ್ದರೆ ಅವರಿಗೆ ಲಾಭ ಇತ್ತು. ಅವರ ಬೆನ್ನ ಹಿಂದೆಯೇ ಡಬ್ಬಿಗಳು ಜೋಡಿಸಿದ್ದವು. “ಮೊದಲು ಇದನ್ನು ಮಿತಿಗೆ ತನ್ನಿ, ಆಮೇಲೂ ಬೇಕು ಅನಿಸಿದರೆ ಬನ್ನಿ” ಅಂದರು.

65 ಮತ್ತು 219

ಅವರು ಹೇಳಿದ್ದನ್ನು ಮನೆಗೆ ಬಂದು ಇಬ್ಬರೂ ಓದಿ ನೋಡಿದೆವು. ಈ ಪ್ರೊಸೆಸರ್ ಬಗ್ಗೆ ಇಂಟೆಲ್ ಎರಡು ಅಂಕಿ ಕೊಡುತ್ತದೆ. ಮೂಲ ಪವರ್ 65 ವ್ಯಾಟ್. ಟರ್ಬೊದಲ್ಲಿ, ಅಂದರೆ ತಾತ್ಕಾಲಿಕವಾಗಿ ವೇಗ ಏರಿಸಿಕೊಂಡಾಗ, ಗರಿಷ್ಠ ಪವರ್ 219 ವ್ಯಾಟ್. ಬಯಾಸ್‌ನಲ್ಲಿ ಇವು ಪಿಎಲ್1, ಪಿಎಲ್2 ಅಂತ ಕಾಣುತ್ತವೆ. ಕೆಲವು ಸೆಕೆಂಡ್ ಮಾತ್ರ ಪಿಎಲ್2ಕ್ಕೆ ಹಾರಿ, ಮತ್ತೆ ಪಿಎಲ್1ಕ್ಕೆ ಇಳಿಯುವುದು ಮೂಲ ಯೋಜನೆ. ಬಹಳ ಮದರ್‌ಬೋರ್ಡ್‌ಗಳು ಈ ಮಿತಿಗಳನ್ನು ತೆಗೆದೇ ಮಾರುಕಟ್ಟೆಗೆ ಬಂದವು. ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದರೆ ಬೋರ್ಡ್ ಮಾರುವವರಿಗೂ ಪಿಸಿ ಮಾರುವವರಿಗೂ ಲಾಭ, ಅಲ್ವಾ? ರೆಡಿಮೇಡ್ ಪಿಸಿಯ ತೊಂದರೆ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಬೋರ್ಡಿಗೆ 219 ವ್ಯಾಟ್ ಎಳೆಯಲು ಅನುಮತಿ ಕೊಟ್ಟವರೇ, ಅದರ ಮೇಲೆ 65 ವ್ಯಾಟ್‌ಗೆ ಸಾಕಾಗುವ ಸಣ್ಣ ಕೂಲರ್ ಕೂರಿಸಿರುತ್ತಾರೆ. ಒಂದೊಂದು ಭಾಗ ಬೇರೆ ಬೇರೆ ನೋಡಿದರೆ ಏನೂ ತಪ್ಪಿಲ್ಲ. ಒಟ್ಟಿಗೆ ಹೇಗೆ ನಡೆಯುತ್ತದೆ ಅಂತ ಯಾರೂ ನೋಡಿರುವುದಿಲ್ಲ. ಒಟ್ಟಿಗೆ ನೋಡಿ ಕೊಡಲಿ ಅಂತಲೇ ತಾನೇ ನಾವು ರೆಡಿಮೇಡ್ ತರುವುದು!

ಮಿತಿ ಇಳಿಸಿದರೆ ವೇಗ ಹೋಗುವುದಿಲ್ಲವೇ ಅಂತ ತಮ್ಮನಿಗೆ ಆತಂಕ ಇತ್ತು. ಸ್ವಲ್ಪ ಹೋಗುತ್ತದೆ, ಬಹಳ ಸ್ವಲ್ಪ. ಪ್ರೊಸೆಸರ್ ಎಳೆಯುವ ವಿದ್ಯುತ್ ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಹಿಂಡಿ ತೆಗೆಯಲು ವೋಲ್ಟೇಜ್ ಬಹಳ ಏರಿಸಬೇಕು. ಹಾಗಾಗಿ ಮೇಲಿನ ತುದಿಯಲ್ಲಿ ವ್ಯಾಟ್ ಸುರಿದಷ್ಟು ವೇಗ ಸಿಗುವುದಿಲ್ಲ. ಅಲ್ಲಿಂದ ಇಳಿದರೆ ಬಿಸಿ ಬಹಳ ಇಳಿಯುತ್ತದೆ, ವೇಗ ಅಷ್ಟು ಇಳಿಯುವುದಿಲ್ಲ. ನಾವು ಪಿಎಲ್1 ಅನ್ನು 90, ಪಿಎಲ್2 ಅನ್ನು 125 ವ್ಯಾಟ್‌ಗೆ ಇಟ್ಟೆವು. ತಮ್ಮ ಆಡುವ ಆಟಗಳಲ್ಲಿ ಪ್ರೊಸೆಸರ್ ಅಷ್ಟು ಎಳೆಯುವುದೇ ಅಪರೂಪ. ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕದಲ್ಲಿ, ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಕೆಲಸದಲ್ಲಿ ವ್ಯತ್ಯಾಸ ಇದೆ. ದೊಡ್ಡ ಒಳಾಂಗಣ ಚಿತ್ರಗಳು ಗ್ರಾಫಿಕ್ಸ್ ಕಾರ್ಡಿನ 8 ಜಿಬಿಯಲ್ಲಿ ಹಿಡಿಸದಿದ್ದಾಗ ಅವನು ಪ್ರೊಸೆಸರ್‌ನಲ್ಲಿ ರೆಂಡರ್ ಮಾಡುತ್ತಾನೆ, ಅಂದರೆ ಅಂತಿಮ ಚಿತ್ರ ತಯಾರಿಸುತ್ತಾನೆ. ಹತ್ತು ನಿಮಿಷದ ರೆಂಡರ್ ಈಗ ಹನ್ನೊಂದು, ಹನ್ನೊಂದೂವರೆ ನಿಮಿಷ ಹಿಡಿಯುತ್ತದೆ. ಕೋರ್ ತಾಪಮಾನ ಸೆಕೆಯ ಮಧ್ಯಾಹ್ನದಲ್ಲೂ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಒಂದು ನಿಮಿಷ ತನಗೆ ಏನೂ ಅಲ್ಲ ಅಂತ ತಮ್ಮ ಹೇಳಿದ. ನನಗೂ ಅದು ಒಳ್ಳೆಯ ವ್ಯಾಪಾರ ಅನಿಸಿತು.

ಇದೇ ಕೆಲಸಕ್ಕೆ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಗರಿಷ್ಠ ಸ್ಥಿತಿಯನ್ನು 99 ಪರ್ಸೆಂಟ್ ಮಾಡಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ಬಿಸಿ ಖಂಡಿತ ಇಳಿಯುತ್ತದೆ. ಆದರೆ ಹಾಗೆ ಮಾಡಿದರೆ ಟರ್ಬೊ ಪೂರ್ತಿ ಬಂದ್. ಈ ಪ್ರೊಸೆಸರ್‌ನ ದೊಡ್ಡ ಕೋರ್‌ಗಳ ಮೂಲ ವೇಗ 2.1 ಗಿಗಾಹರ್ಟ್ಸ್, ಟರ್ಬೊದಲ್ಲಿ 5.2ರವರೆಗೆ ಹೋಗುತ್ತದೆ. ಅಷ್ಟು ಕಳೆದುಕೊಳ್ಳುವ ಅಗತ್ಯ ಇಲ್ಲ. ಬಯಾಸ್‌ನಲ್ಲಿ ಪವರ್ ಮಿತಿಯ ಜಾಗವೇ ಇಲ್ಲದ ಮಷಿನ್‌ಗಳಿಗೆ ಮಾತ್ರ ಅದು ಕೊನೆಯ ದಾರಿ. ಎಎಂಡಿ ಪ್ರೊಸೆಸರ್ ಇರುವವರಿಗೆ ಇನ್ನೂ ಸುಲಭ. ರೈಜನ್ 7000 ಸಾಲಿನ ಎಕ್ಸ್ ಮಾದರಿಗಳು ಪೂರ್ತಿ ಲೋಡ್‌ನಲ್ಲಿ 95 ಡಿಗ್ರಿಗೆ ಹೋಗಿ ನಿಲ್ಲುವ ಹಾಗೆಯೇ ರೂಪಿಸಿದ್ದಾರೆ. ಅವುಗಳಿಗೆ ಇಕೋ ಮೋಡ್ ಅಂತಲೇ ಇದೆ. 105 ವ್ಯಾಟ್‌ನ 7700ಎಕ್ಸ್ ಅನ್ನು ಅದರಲ್ಲಿ 65 ವ್ಯಾಟ್ ವರ್ಗಕ್ಕೆ ಇಳಿಸಬಹುದು.

ಗಾಜು, ಧೂಳು

ಪವರ್ ಆದ ಮೇಲೆ ಗಾಳಿಯ ಮಾತು. ಇದಕ್ಕೆ ದುಡ್ಡು ಬೇಡದ ಪರೀಕ್ಷೆ ಒಂದಿದೆ. ಲೋಡ್ ಹಾಕಿ, ತಾಪಮಾನ ಒಂದು ಕಡೆ ನಿಂತ ಮೇಲೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಿರಿ. ಹತ್ತು ನಿಮಿಷ ಬಿಟ್ಟು ನೋಡಿ. ಏಳೆಂಟು ಡಿಗ್ರಿ ಇಳಿದರೆ ತೊಂದರೆ ಡಬ್ಬಿಯ ಗಾಳಿಯಲ್ಲಿದೆ. ಏನೂ ಬದಲಾಗದಿದ್ದರೆ ಕೂಲರ್, ಪೇಸ್ಟ್ ಅಥವಾ ವ್ಯಾಟ್ ಕಡೆ ನೋಡಬೇಕು. ಬಿಸಿ ಏರುವ ರೀತಿಯೂ ಸುಳಿವು ಕೊಡುತ್ತದೆ. ವ್ಯಾಟ್ ಮಿತಿ ಇಟ್ಟ ಮೇಲೂ ಲೋಡ್ ಹಾಕಿದ ಒಂದೆರಡು ಸೆಕೆಂಡಿಗೇ ನೂರಕ್ಕೆ ಹಾರಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಇಲ್ಲವೇ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲ, ಲಿಕ್ವಿಡ್ ಕೂಲರ್ ಆದರೆ ಪಂಪ್ ನಿಂತಿದೆ. ನಿಧಾನವಾಗಿ ನಿಮಿಷಗಟ್ಟಲೆ ಏರಿದರೆ ಗಾಳಿ ಸಾಲುತ್ತಿಲ್ಲ. ಲಿಕ್ವಿಡ್ ಕೂಲರ್‌ನಲ್ಲಿ ನೀರು ಬಿಸಿಯಾಗಲು ಹೊತ್ತು ಬೇಕು, ಐದು ನಿಮಿಷದ ಪರೀಕ್ಷೆ ನಂಬಬೇಡಿ.

ನಮ್ಮದರಲ್ಲಿ ಬಾಗಿಲು ತೆಗೆದಾಗ ಒಳ್ಳೆ ವ್ಯತ್ಯಾಸ ಬಂತು. ಎದುರಿನ ಗಾಜಿನಿಂದಾಗಿ ಫ್ಯಾನ್‌ಗಳಿಗೆ ಗಾಳಿ ಸಿಗುವುದು ಅಂಚಿನ ಸಣ್ಣ ಸಂದಿಯಿಂದ ಮಾತ್ರ. ಗಾಜಿನ ಬದಲು ಜಾಲರಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಸದ್ಯಕ್ಕೆ ಮಷಿನನ್ನು ಟೇಬಲ್ಲಿನ ಕೆಳಗಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಹಿಂಬದಿಯನ್ನು ಗ್ಯಾಲರಿಯ ಬಾಗಿಲ ಕಡೆ ತಿರುಗಿಸಿದ್ದೇವೆ. ಬಿಸಿಗಾಳಿ ಆದಷ್ಟು ಹೊರಗೆ ಹೋಗಲಿ ಅಂತ. ಅಮ್ಮನ ಮಂಚ ಈಗ ಎದುರು ಗೋಡೆಗೆ ಹೋಗಿದೆ. ಫ್ಯಾನ್ ವೇಗ ಪದೇ ಪದೇ ಏರಿಳಿದು ಕೂಗುತ್ತಿದ್ದುದಕ್ಕೂ ಬಯಾಸ್‌ನಲ್ಲಿ ಉಪಾಯ ಇದೆ. ಕೋರ್ ತಾಪಮಾನ ಕ್ಷಣಕ್ಷಣಕ್ಕೆ ಹಾರುತ್ತದೆ, ಅದರ ಹಿಂದೆ ಫ್ಯಾನ್ ಓಡಬಾರದು. ಕೆಲವು ಸೆಕೆಂಡ್ ತಡಮಾಡಿ ಏರುವ ಹಾಗೆ ಇಟ್ಟರೆ ಸದ್ದು ಒಂದೇ ಸಮನಾಗುತ್ತದೆ.

ಇನ್ನು ಧೂಳು. ನಮ್ಮ ಸುತ್ತ ಯಾವಾಗಲೂ ಯಾವುದೋ ಬಿಲ್ಡಿಂಗ್ ಏಳುತ್ತಿರುತ್ತದೆ. ಆ ಸಿಮೆಂಟ್ ಧೂಳು ಮಳೆಗಾಲದ ತೇವಕ್ಕೆ ಫಿಲ್ಟರ್ ಮೇಲೆ ಅಂಟಿಕೊಂಡು ಗಟ್ಟಿ ಪದರವಾಗುತ್ತದೆ. ಊದಿದರೆ ಹೋಗುವುದಿಲ್ಲ. ಫಿಲ್ಟರ್ ತೆಗೆದು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಜುಲೈಯಲ್ಲಿ ಒಣಗಲು ಒಂದು ದಿನ ಬೇಕಾಗುತ್ತದೆ, ಅವಸರ ಬೇಡ.

ಈ ಸಾಲಿನ ಪ್ರೊಸೆಸರ್ ಇರುವವರಿಗೆ ಇನ್ನೊಂದು ಮಾತು, ಇದು ಬಿಸಿಗಿಂತ ಗಂಭೀರ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅತಿ ವೋಲ್ಟೇಜ್‌ನಿಂದ ಚಿಪ್ ಕ್ರಮೇಣ ಹಾಳಾಗುವ ಸಮಸ್ಯೆ 2024ರಲ್ಲಿ ದೃಢಪಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನುವ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ತಿದ್ದುಪಡಿಗಳು ಬಂದವು. ಅವು ಬಯಾಸ್ ಅಪ್‌ಡೇಟ್ ಮೂಲಕವೇ ಸಿಗುತ್ತವೆ. ಮುಂದೆ ಆಗುವ ಹಾನಿಯನ್ನು ತಡೆಯುತ್ತವೆ, ಆಗಲೇ ಆದ ಹಾನಿ ಸರಿಹೋಗುವುದಿಲ್ಲ. ಆಟ ಕಾರಣವಿಲ್ಲದೆ ಮುಚ್ಚಿಹೋಗುವುದು, ಶೇಡರ್ ಕಂಪೈಲ್ ಮಾಡುವಾಗಲೇ ಕ್ರ್ಯಾಶ್ ಆಗುವುದು ಇದ್ದರೆ ಬಿಸಿ ಅಂತ ಸುಮ್ಮನಾಗಬೇಡಿ. ಈ ಪ್ರೊಸೆಸರ್‌ಗಳಿಗೆ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ರೆಡಿಮೇಡ್ ಪಿಸಿ ಆದರೆ ಅದನ್ನು ಪಿಸಿ ಮಾರಿದವರ ಮೂಲಕ ಕೇಳಬೇಕು. ಬಯಾಸ್ ಅಪ್‌ಡೇಟ್ ಆದ ಮೇಲೆ ಹಳೆಯ ಸೆಟ್ಟಿಂಗ್ ಅಳಿಸಿಹೋಗಬಹುದು. ಪಿಎಲ್1, ಪಿಎಲ್2, ಫ್ಯಾನ್ ಎಲ್ಲ ಮತ್ತೆ ನೋಡಿಕೊಳ್ಳಿ.

ಪಕ್ಕದ ವಿಂಗ್‌ನ ಹುಡುಗನೊಬ್ಬ ಈಗ ಪಿಸಿ ಕೊಳ್ಳುವ ತಯಾರಿಯಲ್ಲಿದ್ದಾನೆ. ಅವರದೂ ಒಂದೇ ಹಾಲ್, ಅಜ್ಜ ಅಲ್ಲೇ ಮಲಗುತ್ತಾರೆ. ತಮ್ಮ ಅವನಿಗೆ ಒಂದು ಕಾಗದದಲ್ಲಿ ಬರೆದುಕೊಟ್ಟ. ಎದುರಿಗೆ ಜಾಲರಿ ಇದೆಯೇ, ಕೂಲರ್ ಯಾವ ಮಾದರಿ, ಬಯಾಸ್‌ನಲ್ಲಿ ಪವರ್ ಮಿತಿ ಬದಲಿಸಬಹುದೇ, ಮಾರುವ ಮೊದಲು ಆ ಮಿತಿ ಎಷ್ಟಕ್ಕೆ ಇಟ್ಟಿರುತ್ತಾರೆ, ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ. ಹುಡುಗ ಹಲವು ಕಡೆ ಕೇಳಿದ. ಹೆಚ್ಚಿನವರು ಎಫ್‌ಪಿಎಸ್ ಪಟ್ಟಿ ಕಳಿಸಿದರು. ಠಾಣೆಯ ಒಂದು ಸಣ್ಣ ಅಂಗಡಿಯವರು ಮಾತ್ರ ಬಯಾಸ್ ಪುಟದ ಫೋಟೋ ತೆಗೆದು ಕಳಿಸಿ, ನಿಮ್ಮ ಮನೆಯಲ್ಲಿ ಎಸಿ ಇದೆಯೇ ಅಂತ ತಿರುಗಿ ಕೇಳಿದ್ದಾರೆ. ಶನಿವಾರ ಅಲ್ಲಿಗೇ ಹೋಗುತ್ತಿದ್ದೇವೆ.